ಮೂಗು ಕಟ್ಟಿದ ದನಿ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರೂರಿಗೆ ಲೈನ್ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ ಕೂತವರಿಗೆ ಸ್ವಂತ ಹೆಸರು ಇರುತ್ತಿರಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡರೆ ಮುಗಿಯಿತು, ನೀವು ಒಂದು ಊರಾಗಿಬಿಡುತ್ತೀರಿ. ಸಕ್ಕೂಬಾಯಿ ಏಳು ವರ್ಷದಿಂದ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರ ತನಕ ಆದೋನಿ ಆಗಿದ್ದಳು. ತಂತಿಯ ಆ ತುದಿಯಲ್ಲಿ ಕೂತಿದ್ದವನು ಗುಂತಕಲ್. ಅವನ ಹೆಸರು ಅವಳಿಗೆ ಗೊತ್ತಿರಲಿಲ್ಲ, ಅವಳದು ಅವನಿಗೆ ಗೊತ್ತಿರಲಿಲ್ಲ. ಕೇಳುವುದು ಪದ್ಧತಿಯೂ ಅಲ್ಲ.

"ಗುಂತಕಲ್, ಬೊಂಬಾಯಿ ಕೊಡ್ರಿ. ಅರ್ಜೆಂಟ್ ಐತಿ."

"ಬೊಂಬಾಯಿ ಲೈನ್ ಮಲಗೇತಿ, ಆದೋನಿ. ಐದು ನಿಮಿಷ ಕೂಡ್ರಿ. ಡಬ್ಬ್ಯಾಗ ಏನು ತಂದೀರಿ ಇವತ್ತು?"

"ನಿನ್ನಿದೇ. ಚಿತ್ರಾನ್ನ."

"ಮೂರು ದಿನದಿಂದ ಅದ ಹೇಳಾಕತ್ತೀರಿ. ಒಬ್ರಿಗೆ ಅಡಿಗಿ ಮಾಡೋದು ಬ್ಯಾಸರ ಅಂತ ಗೊತ್ತೈತ್ರಿ, ಆದ್ರೂ ಒಂದು ಸಾರು ಇಳಿಸಬಾರದಾ?"

ಹೀಗೆ ಬೊಂಬಾಯಿಗೋ ಮದ್ರಾಸಿಗೋ ಕಾಯುವ ನಿಮಿಷಗಳಲ್ಲಿ ಏಳು ವರ್ಷ ಕಳೆದಿತ್ತು. ಆ ಕುರ್ಚಿ ಮೊದಲು ಅವಳ ಗಂಡನದು. ಮದುವೆಯಾದ ಎಂಟನೇ ತಿಂಗಳಿಗೆ ಅವನು ತೀರಿಹೋದ, ಇಲಾಖೆಯವರು ಕೆಲಸ ಅವಳಿಗೆ ಕೊಟ್ಟರು. ಉಳಿದಂತೆ ಊರಲ್ಲಿ ಅವಳನ್ನು ಊಟವಾಯಿತೇ ಎಂದು ಕೇಳುವವರು ಯಾರೂ ಇರಲಿಲ್ಲ. ಮನೆಯೊಡತಿ ಕೊಟ್ರಮ್ಮ ಕೇಳುತ್ತಿದ್ದುದು ಬಾವಿ ಹಗ್ಗ ಎಲ್ಲಿ ಇಟ್ಟೆ ಎಂದು ಮಾತ್ರ.

ಸಕ್ಕೂಬಾಯಿಯ ತೊಂದರೆ ಎಂದರೆ ಮೂಗು. ಮಳೆ ನಿಂತು ಬಯಲ ತುಂಬ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟಿತೆಂದರೆ ಸೀನು ಶುರು, ಒಂದರ ಹಿಂದೆ ಒಂದು ಹತ್ತು ಹನ್ನೆರಡು. ಹೂವಿನ ಕಾಲ ಮುಗಿಯಿತು ಅನ್ನುವಾಗ ಜಿನ್ನಿಂಗ್ ಮಿಲ್ಲುಗಳು ಎದ್ದು ಹತ್ತಿಯ ನವಿರು ಗಾಳಿಗೆ ಬರುತ್ತಿತ್ತು, ಆಗ ಮೂಗು ಕಟ್ಟುತ್ತಿತ್ತು. ಮಡಕೆಯೊಳಗೆ ಬಾಯಿಟ್ಟು ಆಡಿದಂಥ ದನಿಯೇ ಅವಳ ದನಿ ಎಂದು ಊರೆಲ್ಲ ತಿಳಿದಿತ್ತು. ಗುಂತಕಲ್ ಅವಳ ಬೇರೆ ದನಿ ಕೇಳಿಯೇ ಇರಲಿಲ್ಲ.

ಎಪ್ಪತ್ತೊಂಬತ್ತರ ಹಿಂಗಾರಿನಲ್ಲಿ ಹತ್ತಿ ವ್ಯಾಪಾರಿ ಸಿದ್ದಬಸಪ್ಪ ಖುದ್ದಾಗಿ ಎಕ್ಸ್‌ಚೇಂಜಿಗೆ ಬಂದು ಸೂಪರ್‌ವೈಸರ್ ಅನಂತರಾಯರ ಎದುರು ಕೂತ.

"ರಾಯರ, ನಾ ಬೊಂಬಾಯಿ ಸೇಠಗ ಹೂಂ ಅನ್ನಾಕ ಬಾಯಿ ತೆರೀತೀನಿ, ನಡುವ ನಿಮ್ಮಾಕಿ ಸೀನ್ತಾಳ. ಅದೂ ಒಂದ. ಎರಡಾದ್ರ ಶುಭ ಅಂತಿದ್ವಿ. ಸೇಠ ಅಪಶಕುನ ಅಂತ ಫೋನ್ ಇಟ್ಟ."

"ಎರಡನೇದೂ ಬಂತ್ರಿ. ಅಷ್ಟೊತ್ತಿಗೆ ನಾ ಕೀ ಮುಚ್ಚಿದ್ದೆ, ನಿಮಗ ಕೇಳ್ಸಲಿಲ್ಲ," ಎಂದಳು ಸಕ್ಕೂಬಾಯಿ.

ಸಿದ್ದಬಸಪ್ಪನಿಗೆ ನಗು ಬಂತು, ಅನಂತರಾಯರಿಗೆ ಬರಲಿಲ್ಲ. ದವಾಖಾನೆಯ ಹಳದಿ ಮಾತ್ರೆಯನ್ನು ಹಿಂದಿನ ವಾರವೇ ನೋಡಿಯಾಗಿತ್ತು; ನುಂಗಿದ ಅರ್ಧ ಗಂಟೆಗೆ ಅವಳು ಬೋರ್ಡಿನ ಮೇಲೆ ಹಣೆ ಇಟ್ಟು ಮಲಗಿದ್ದಳು.

"ಹದಿನೈದು ದಿನ ಕೊಡ್ತೀನಮ್ಮ," ಎಂದರು ರಾಯರು. "ಅಲ್ಲಿತನ ಹಿಂದಿನ ರೂಮಿನಾಗ ಕಂಪ್ಲೇಂಟ್ ಚೀಟಿ ಜೋಡ್ಸು. ಮೂಗು ಸರಿಹೋದ್ರ ಬೋರ್ಡಿಗೆ ಬಾ. ಇಲ್ಲಂದ್ರ ಖಾಯಂ ಅಲ್ಲೇ."

ಹಿಂದಿನ ಕೋಣೆಯಲ್ಲಿ ಫೋನ್ ಇರಲಿಲ್ಲ. ಅಲ್ಲಿ ಖಾಯಂ ಎಂದರೆ ಗುಂತಕಲ್ ಇಲ್ಲ ಎಂದೇ ಅರ್ಥ. ಅವತ್ತು ಡ್ಯೂಟಿ ಮುಗಿಯುವ ಮೊದಲು ಅವನಿಗೆ ಹೇಳಿದಳು. ಅವನು ನಂಬರು ಹೇಳುವ ಧಾಟಿಯಲ್ಲೇ ಶುರು ಮಾಡಿದ.

"ಬರ್ಕೊಳ್ರಿ. ನಮ್ಮ ರೈಲ್ವೆ ಡಾಕ್ಟರು ಇಂಜಿನ್ ಡ್ರೈವರುಗಳಿಗೆ ಹೇಳೋದು ಇದು. ನೀರು ಕುದಿಸ್ರಿ, ಮುಚ್ಚಿ ಆರಸ್ರಿ, ಉಗುರುಬೆಚ್ಚಗ ಆಗ್ಲಿ. ಒಂದು ಲೋಟಕ್ಕ ಅರ್ಧ ಚಮಚಿ ಉಪ್ಪು. ತಲಿ ಒಂದು ಬದಿಗೆ ವಾರಿ ಮಾಡಿ ಮೂಗಿನ ಒಂದು ಹೊಳ್ಳ್ಯಾಗ ಹೊಯ್ರಿ, ಇನ್ನೊಂದರಿಂದ ಇಳೀತೈತಿ. ಬಾಯಿಲೆ ಉಸುರು ಬಿಡ್ರಿ."

"ಮೂಗಿನಾಗ ನೀರಾ? ನಂಗ ಬ್ಯಾರೆ ಕೆಲಸ ಇಲ್ಲೇನ್ರಿ?"

"ಕಾಲುವಿ ತೊಳದಂಗ ರಿ. ಹೂವಿನ ಪುಡಿ, ಧೂಳು ಎಲ್ಲಾ ಹೊಂಟೋಗ್ತಾವ. ದಿನಾ ಬಿಡದಂಗ ಮಾಡ್ರಿ. ಬೇಗ ಬರ್ರಿ ಆದೋನಿ, ಇಲ್ಲಂದ್ರ ನಾ ಯಾರ ಜೋಡಿ ಮಾತಾಡ್ಲಿ?"

ಕೊಟ್ರಮ್ಮನ ಹತ್ತಿರ ಕೂಸುಗಳಿಗೆ ಹಾಲು ಕುಡಿಸುವ ಹಿತ್ತಾಳೆಯ ಒಳಲೆ ಇತ್ತು, ಸಣ್ಣ ಮೂತಿಯದು. ಸಕ್ಕೂಬಾಯಿ ಕೇಳಿದಾಗ ಕೊಟ್ರಮ್ಮ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಏಳು ಮಕ್ಕಳು ಕುಡದಾವ ಇದರಾಗ. ನಿನ್ನ ಮನ್ಯಾಗ ಯಾವ ಕೂಸು ಬಂತವಾ?"

"ಮೂಗಿಗೆ ಬೇಕಾಗೇತ್ರಿ."

"ಮೂಗಿಗೆ ಹಾಲು ಕುಡಸ್ತೀಯಾ? ತಗೊಂಡು ಹೋಗು. ತಿರುಗಿ ತರಬ್ಯಾಡ ಮತ್ತ, ನೀನ ಇಟ್ಕೋ."

ಮೊದಲ ದಿನ ಉಪ್ಪು ಕಡಿಮೆ ಹಾಕಿದಳು, ಸಪ್ಪೆ ನೀರಿನ ಉರಿ ನೆತ್ತಿಗೇರಿ ಕಣ್ಣೀರು ಬಂತು. ಎರಡನೇ ದಿನ ಅಳತೆ ಸರಿಯಾಯಿತು. ಬಚ್ಚಲಲ್ಲಿ ತಲೆ ವಾಲಿಸಿ, ಬಾಯಿ ಕಳೆದು, ಗೋಡೆಯ ಕಡೆ ನೋಡುತ್ತ ಕೂರುತ್ತಿದ್ದಳು; ನೀರು ಬೆಚ್ಚಗೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಇಳಿಯುತ್ತಿತ್ತು. ಆರನೇ ದಿನಕ್ಕೆ ಸೀನು ಮೂರಕ್ಕೆ ಇಳಿಯಿತು. ಒಂಬತ್ತನೇ ದಿನ ಪಕ್ಕದ ಮನೆಯ ಇಂಗಿನ ಒಗ್ಗರಣೆ ವಾಸನೆ ಬಂದು ಅವಳು ಸೌಟು ಹಿಡಿದು ನಿಂತುಬಿಟ್ಟಳು. ಹೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಅಂಗಳಕ್ಕೆ ಬಂದು, "ಕೊಟ್ರಮ್ಮಾರ," ಎಂದು ಕೂಗಿದಳು.

"ಯಾರವಾ ಅದು?" ಎಂದಳು ಕೊಟ್ರಮ್ಮ ಒಳಗಿನಿಂದ. "ಸಕ್ಕೂ ಒಳಗದಾಳ ನೋಡು, ಬಾಗಿಲು ಬಡಿ."

ಅವತ್ತು ಅದಕ್ಕೆ ನಕ್ಕಳು.

ಇದೇ ಹದಿನೈದು ದಿನದಲ್ಲಿ ಎಕ್ಸ್‌ಚೇಂಜಿಗೆ ಒಂದು ಸುದ್ದಿ ಬಂದಿತ್ತು. ಆಪರೇಟರುಗಳು ಲೈನಿನಲ್ಲಿ ಹರಟುತ್ತಾರೆಂದು ಮೇಲಿನಿಂದ ಯಾರೋ ಹೆಂಗಸನ್ನು ಕಳಿಸಿದ್ದಾರೆ, ಆಕೆ ಊರೂರಿನ ಬೋರ್ಡಿನಲ್ಲಿ ಕೂತು ಆಪರೇಟರಿನ ಹಾಗೇ ಮಾತಾಡಿ ಬಾಯಿ ಬಿಡಿಸುತ್ತಾಳೆ ಎಂದು. ಆದೋನಿಯಲ್ಲಿ ಯಾರೂ ಅಂಥವಳನ್ನು ನೋಡಿರಲಿಲ್ಲ. ಸುದ್ದಿ ಮಾತ್ರ ಎಲ್ಲ ತಂತಿಗಳಲ್ಲೂ ಓಡಾಡಿತ್ತು.

ಹದಿನಾರನೇ ದಿನ ಅನಂತರಾಯರು ಅವಳನ್ನು ಎದುರಿಗೆ ನಿಲ್ಲಿಸಿ ಐದು ನಿಮಿಷ ಮಾತಾಡಿಸಿ, "ಹೋಗಮ್ಮ," ಎಂದರು. ಸಕ್ಕೂಬಾಯಿ ಹೆಡ್‌ಫೋನ್ ಹಾಕಿಕೊಂಡು ಬೋರ್ಡಿನಲ್ಲಿ ಗುಂತಕಲ್ಲಿನ ತೂತಿಗೆ ಪ್ಲಗ್ ಚುಚ್ಚಿದಳು.

"ಗುಂತಕಲ್, ನಾ ಬಂದೆ."

"ನಂಬರ್ ಪ್ಲೀಸ್."

"ನಂಬರ್ ಇಲ್ರಿ. ನಾನು, ಆದೋನಿ. ಮೂಗು ಆರಾಮಾತು."

ಆ ಕಡೆ ಪ್ಲಗ್ ಅಲುಗಿಸಿದ ಸದ್ದಾಯಿತು. ಆಮೇಲೆ, "ಎವರಂಡಿ ಮೀರು? ಯಾರ್ರಿ ನೀವು? ಹೊಸಬ್ರಾ?"

"ಹೊಸಬರಲ್ರಿ. ನೀವ ಹೇಳಿದ್ರಲ್ಲ, ಒಂದು ಲೋಟಕ್ಕ ಅರ್ಧ ಚಮಚಿ ಉಪ್ಪು. ಚಿತ್ರಾನ್ನ ತಂದ್ರ ಬೈತಿದ್ರಿ."

ಹೇಳುತ್ತ ಹೋದಂತೆ ಅವನ ಉಸಿರು ದೂರವಾಗುತ್ತಿರುವುದು ಅವಳಿಗೆ ಕೇಳಿಸಿತು. ಗುರುತಿಲ್ಲದ ದನಿಯೊಂದು ಅವನು ಲೈನಿನಲ್ಲಿ ಆಡಿದ್ದನ್ನೆಲ್ಲ ಒಪ್ಪಿಸುತ್ತಿದೆ. ಮೇಲಿನಿಂದ ಬಂದ ಆ ಹೆಂಗಸು ಇವಳೇ ಎಂದು ಅವನು ತಿಳಿದಿರಬಹುದು ಎಂಬುದು ಅವಳಿಗೆ ಹೊಳೆಯುವಷ್ಟರಲ್ಲಿ ತಡವಾಗಿತ್ತು.

"ನಾ ಅಂಥಾ ಮಾತು ಯಾರ ಜೋಡಿನೂ ಆಡಿಲ್ಲ ಮೇಡಂ," ಎಂದ. "ಡ್ಯೂಟಿ ಬಿಟ್ಟು ಬ್ಯಾರೆ ಮಾತು ನನಗ ಗೊತ್ತಿಲ್ಲ. ನಂಬರ್ ಇದ್ರ ಹೇಳ್ರಿ."

ನಾಲ್ಕು ದಿನ ಹೀಗೇ ನಡೆಯಿತು. ಮೇಡಂ, ನಂಬರ್, ಲೈನ್ ಬಿಜಿ, ವೇಟ್ ಮಾಡಿ. ಬೊಂಬಾಯಿಗೆ ಕಾಯುವ ನಿಮಿಷಗಳಲ್ಲಿ ತಂತಿಯ ಗುಂಯ್ ಸದ್ದು ಮಾತ್ರ. ಅವಳ ಹೆಸರು ಹೇಳಿದರೂ ಅವನಿಗೆ ಅದು ಯಾರ ಹೆಸರೂ ಅಲ್ಲ. ಊರಿನ ಫೋನ್ ಚಂದಾದಾರರು ಮಾತ್ರ ಖುಷಿಯಾಗಿದ್ದರು. "ಯಾರವಾ ಹೊಸ ಹುಡುಗಿ, ದನಿ ಗಂಟಿ ಇದ್ದಂಗ ಐತಿ," ಎಂದ ಸಿದ್ದಬಸಪ್ಪ.

ಐದನೇ ದಿನ ಬೆಳಿಗ್ಗೆ ನೀರು ಕುದಿಸಿದ್ದಳು, ಉಪ್ಪು ಹಾಕಿದ್ದಳು, ತುಂಬ ಹೊತ್ತು ನೋಡುತ್ತ ಕೂತಳು. ಬಿಟ್ಟರೆ ವಾರದಲ್ಲಿ ಹಳೆಯ ದನಿ ಬರುತ್ತದೆ. ಸೀನೂ ಬರುತ್ತದೆ, ಹಿಂದಿನ ಕೋಣೆಯೂ ಬರುತ್ತದೆ. ಕೊನೆಗೆ ಮೂಗು ತೊಳೆದುಕೊಂಡೇ ಹೋದಳು. ಮಧ್ಯಾಹ್ನ ಪಕ್ಕದವಳು ಚಹಕ್ಕೆ ಎದ್ದ ಮೇಲೆ, ಎಡಗೈಯಿಂದ ಮೂಗನ್ನು ಒತ್ತಿ ಹಿಡಿದಳು.

"ಗುಂತಕಲ್."

"ಅರೆ, ಆದೋನಿ." ಕುರ್ಚಿ ಎಳೆದ ಸದ್ದು ಕೇಳಿಸಿತು. "ಎಲ್ಲಿ ಹೋಗಿದ್ರಿ? ನಾ ದಿನಾ ಕಿವಿ ಕೊಟ್ಟು ಕುಂತಿದ್ದೆ. ಉಪ್ಪುನೀರು ಹಿಡೀಲಿಲ್ಲೇನು?"

"ಹಿಡೀಲಿಲ್ರಿ," ಎಂದಳು.

"ಛೆ. ನಾನ ಅಳತಿ ತಪ್ಪು ಹೇಳಿದೆನೋ ಏನೋ. ಹುಷಾರ್ ರಿ, ನಿಮ್ಮ ಕುರ್ಚಿಗೆ ಒಬ್ಬಾಕಿ ಬಂದಾಳ. ದನಿ ಚಂದ ಐತಿ, ಮನುಷ್ಯಾಕಿ ಚೊಲೊ ಇಲ್ಲ. ನಮ್ಮ ಮಾತು ಒಂದೊಂದೂ ಗೊತ್ತು ಆಕಿಗೆ."

ಮೂಗು ಹಿಡಿದ ಬೆರಳು ನೋಯುತ್ತಿತ್ತು. ಬೋರ್ಡಿನಲ್ಲಿ ಮೂರು ದೀಪ ಹೊತ್ತಿಕೊಂಡು ಕಾಯುತ್ತಿದ್ದವು. ಎಲ್ಲಕ್ಕೂ ಎರಡು ಕೈ ಬೇಕು.

"ಆಕಿ ಹಂಗಲ್ರಿ," ಎಂದಳು ಸಕ್ಕೂಬಾಯಿ. "ನಾನ ಹೇಳಿದ್ದೆ ಆಕಿಗೆ ಎಲ್ಲಾ. ನನ್ನ ಹಿಂದಿನ ರೂಮಿಗೆ ಹಾಕ್ಯಾರ, ಹೇಳಿ ಹೋಗಾಕ ಬಂದೆ, ಇನ್ನ ಬರಂಗಿಲ್ಲ. ಆಕಿ ಜೋಡಿ ಒಂದೀಟು ಮಾತಾಡ್ರಿ. ಈ ಊರಾಗ ಆಕಿಗೆ ಯಾರೂ ಇಲ್ಲ."

ಆ ಕಡೆ ಪೆನ್ಸಿಲ್ ಕೆಳಗಿಟ್ಟ ಸದ್ದು ಕೇಳಿಸಿತು.

"ಇನ್ನ ಬರೋದ ಇಲ್ಲಾ?"

"ಇಲ್ರಿ."

"ಸರಿಲೇಂಡಿ, ಆಗ್ಲಿ. ನೀವು ಹೇಳೀರಂತ ನೋಡ್ತೀನಿ."

ಮರುದಿನ ಹನ್ನೆರಡೂವರೆಗೆ ಸಿದ್ದಬಸಪ್ಪನ ಬೊಂಬಾಯಿ ಕಾಲ್ ಇತ್ತು. ಲೈನ್ ಸಿಗಲಿಲ್ಲ. ತಂತಿ ಗುಂಯ್ ಎನ್ನುತ್ತಿತ್ತು. ಸಕ್ಕೂಬಾಯಿ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾಯುತ್ತಿದ್ದಳು. ಆ ಕಡೆ ಅವನು ಗಂಟಲು ಸರಿಮಾಡಿಕೊಂಡ, ಸಾಲ ಕೇಳಲು ಬಂದವನ ಹಾಗೆ.

"ಮೇಡಂ," ಎಂದ. "ಊಟ ಆತೇನ್ರಿ?"

"ಇನ್ನೂ ಇಲ್ರಿ," ಎಂದಳು ಅವಳು, ತನ್ನ ದನಿಯಲ್ಲಿ. ಮುಂದೆ ಏನು ಕೇಳಬೇಕೆಂದು ತಿಳಿಯದಿದ್ದರೂ ಅವನು ಲೈನ್ ಬಿಡಲಿಲ್ಲ. ಅವಳೂ ಬಿಡಲಿಲ್ಲ.