ಮನೆಗೆ ಹುಳುಕು ಹೇಳಿದ ಅತ್ತೆ

ಒಂದು ರೊಟ್ಟಿ ಹೆಂಚಿನ ಮೇಲಿತ್ತು, ಇನ್ನೊಂದಕ್ಕೆ ಹಿಟ್ಟು ತಟ್ಟುತ್ತಿದ್ದೆ. ಗೇಟಿನ ಸದ್ದಾಯಿತು. ಮನೆಗೆ ಬೆಲೆ ಕಟ್ಟಲು ಮಧ್ಯಾಹ್ನ ಬರುತ್ತೇನೆಂದಿದ್ದ ಬ್ಯಾಂಕಿನ ವ್ಯಾಲ್ಯುಯರ್ ಮೃತ್ಯುಂಜಯ ಅವರು ಚಾಮರಾಜನಗರದಿಂದ ಬೆಳಿಗ್ಗೆಯೇ ಬಂದುಬಿಟ್ಟಿದ್ದರು. ಒಲೆ ಆರಿಸಿ, ಕೈ ತೊಳೆದು ಓಡಿದೆ.

ಗುಂಡ್ಲುಪೇಟೆಯ ಈ ಮನೆಯಲ್ಲಿ ಮಗಳು ಭಾನು ಹುಟ್ಟುವ ಮೊದಲಿನಿಂದಲೂ ನಾವು ಬಾಡಿಗೆಗಿದ್ದೇವೆ. ಈಗ ಮಾಲೀಕರು ಮಾರುತ್ತಿದ್ದಾರೆ, ನಾವೇ ಕೊಳ್ಳುವುದೆಂದು ಮಾತಾಗಿದೆ. ಬ್ಯಾಂಕಿನವರು ಮನೆಗೆ ಕಟ್ಟುವ ಬೆಲೆಯ ಮೇಲೆ ಸಾಲ. ಆ ಬೆಲೆ ಕಡಿಮೆ ಬಿದ್ದರೆ ಸಾಲ ಸಾಲದು, ಮನೆ ಬೇರೆಯವರ ಪಾಲು. ಇದನ್ನೆಲ್ಲ ನನ್ನ ಗಂಡ ಬಸವಪ್ರಸಾದ್ ನನಗೆ ಬಿಡಿಸಿ ಹೇಳಿದ್ದರು. ಅತ್ತೆಗೂ ಹೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮೃತ್ಯುಂಜಯ ಟೇಪು ಬಿಚ್ಚಿದರು. ನಾನು ಕಾಫಿ ಮಾಡಲು ಒಳಗೆ ಹೋದೆ. ಅತ್ತೆ ಗುರುಮಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಹೊರಟರು.

"ಈ ಮೂಲೆ ನೋಡಪ್ಪ, ಮಳೆ ಬಂದ್ರೆ ಸೋರ್ತದೆ."

"ಹೌದಾ ಅಜ್ಜಿ?"

"ಬಾಗ್ಲು ಗೆದ್ದಲು ಹಿಡಿದದೆ. ನೆಲವಂತೂ ಉತ್ತ ಹೊಲ ಇದ್ದಂಗದೆ. ಇದ್ನೂ ಒಂದು ಮನೆ ಅಂತಾರಾ?"

ಕಾಫಿ ಹಿಡಿದು ಹೊರಬಂದವಳಿಗೆ ಇದು ಕೇಳಿಸಿತು. ಹೋದ ಮಳೆಗಾಲದಲ್ಲಿ ಒಂದು ಹನಿಯೂ ಸೋರಿರಲಿಲ್ಲ.

"ಇಲ್ಲ ಅಂಕಲ್, ನಮ್ಮನೆ..." ಎಂದು ಭಾನು ಶುರುಮಾಡಿದಳು.

"ಬಾಯ್ಮುಚ್ಚು ಕಣಮ್ಮಿ!" ಅತ್ತೆ ಗದರಿದರು. ಸುಮ್ಮನಿರಿ ಎಂದು ನಾನು ಸನ್ನೆ ಮಾಡಿದರೆ, ತಿರುಗಿ ನನಗೇ ಕಣ್ಣು ಮಿಟುಕಿಸಿದರು.

ಮೃತ್ಯುಂಜಯ ಟೇಪು ಸುತ್ತುತ್ತ ಕೇಳಿದರು. "ಅಜ್ಜಿ, ನೀವು ಕೊಳ್ಳೋರೋ, ಮಾರೋರೋ?"

"ಕೊಳ್ಳೋರು ಕಣಪ್ಪ, ಅದ್ಕೇ ಹೇಳ್ತಿರೋದು! ತೆರಕಣಾಂಬಿ ಸಂತೇಲಿ ಎತ್ತು ಕೊಳ್ಳೋವಾಗ ಯಾರಾದ್ರೂ ಹೊಗಳ್ತಾರಾ? ಹಲ್ಲು ಸರಿಯಿಲ್ಲ, ಗೊರಸು ಸರಿಯಿಲ್ಲ ಅಂದ್ರೇ ಬೆಲೆ ಇಳಿಯೋದು."

"ಹಂಗಾದ್ರೆ ಇಳಿಸ್ಬುಡ್ಲಾ?"

"ಇಳಿಸಪ್ಪ, ನಿನ್ನೊಟ್ಟೆ ತಣ್ಣಗಿರ್ಲಿ."

"ಅತ್ತೆ, ಇವರು ಇಳಿಸಿದ್ರೆ ನಮಗೆ ಸಾಲ ಸಾಕಾಗಲ್ಲ, ಮನೆ ಕೈತಪ್ಪಿ ಹೋಗುತ್ತೆ," ಎಂದೆ.

ಅತ್ತೆಯ ಮುಖ ಸಣ್ಣಗಾಯಿತು. "ಅಯ್ಯೋ ಶಿವ್ನೆ! ನಾನ್ ಹೇಳಿದ್ದೆಲ್ಲ ಬುಟ್ಬುಡಪ್ಪ. ಈ ಬಾಗ್ಲು ಸಾಗುವಾನೀದು!"

ಮೃತ್ಯುಂಜಯ ನಕ್ಕರು. ಫೋಟೋ ತೆಗೆದುಕೊಂಡರು, ಕಾಫಿ ಕುಡಿದರು, ಬೆಲೆಯ ಬಗ್ಗೆ ಏನೂ ಹೇಳದೆ ಹೊರಟರು.

ಅವತ್ತು ಅತ್ತೆ ಊಟಕ್ಕೇ ಏಳಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಅವರೇನು ಮನೆ ಬೇಡವೆಂದು ಹುಳುಕು ಹೇಳಿದರೇ? ಪಾತ್ರೆ ತೊಳೆದಿಟ್ಟು, ಮೊಸರನ್ನ ಕಲಸಿ ಅವರ ಮುಂದಿಟ್ಟೆ. ಭಾನು ಏನೋ ಕೇಳಲು ಬಂದವಳು ಅಜ್ಜಿಯ ಮುಖ ನೋಡಿ ಹಿಂದೆ ಸರಿದಳು.

ವಾರದ ಕೊನೆಗೆ ಬಸವಪ್ರಸಾದ್ ಚಾಮರಾಜನಗರದ ಬ್ಯಾಂಕಿನಿಂದಲೇ ಫೋನ್ ಮಾಡಿದರು. ಬೆಲೆ ಸರಿಯಾಗಿ ಬಿದ್ದಿದೆ, ಬೇಕಾದಷ್ಟು ಸಾಲ ಸಿಗುತ್ತದೆ. "ನಾನು ಗೋಡೆ ನೋಡಿ ಬರೆದೆ, ಅಜ್ಜಿ ಮಾತು ಕೇಳಿ ಅಲ್ಲ ಅಂತ ಹೇಳಿ" ಅಂದರಂತೆ ಮೃತ್ಯುಂಜಯ.

ಅತ್ತೆ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಾಗಿಲಿಗೊರಗಿ ಕೂತು ನಗತೊಡಗಿದರು. ಭಾನು ಅವರ ತೊಡೆ ಹತ್ತಿದಳು. ಗುಟ್ಟು ಹೇಳುವವಳಂತೆ ಕಿವಿಯ ಬಳಿ ಬಾಯಿ ತಂದವಳು, ಮನೆಗೆಲ್ಲ ಕೇಳುವಂತೆ ಗಟ್ಟಿಯಾಗಿ ಕೇಳಿಯೇಬಿಟ್ಟಳು.

"ಅಜ್ಜಿ, ನಮ್ಮನೆ ಚೆಂದಾಗದೆ ಅಂತ ಈಗ ಹೇಳ್ಬೋದಾ?"