ಲಯನೆಲ್ ಇಲ್ಲದ ಕಾಪಿ

ಎಡ್ವಿನ್ ಪಿರೇರಾ ಇಪ್ಪತ್ತಾರು ವರ್ಷ ಕುವೈತಿನ ಕಾರ್ಖಾನೆಯೊಂದರಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸಿ ಸಹಿ ಹಾಕುವ ಕೆಲಸ ಮಾಡಿದವರು. ನಿವೃತ್ತರಾಗಿ ಮಣ್ಣಗುಡ್ಡದ ಮನೆಗೆ ಬಂದ ಮೇಲೆ ಪರೀಕ್ಷಿಸಲು ಏನೂ ಸಿಗದೆ, ಕಂಪ್ಯೂಟರಿನಲ್ಲಿದ್ದ ಮನೆಯ ಫೋಟೋಗಳ ಬೆನ್ನು ಹತ್ತಿದರು. ನಲವತ್ತೊಂದು ಸಾವಿರ ಫೋಟೋಗಳು. ಅವು ಹಾಳಾಗದಂತೆ ಉಳಿಸುವುದು ಹೇಗೆಂದು ತಿಂಗಳುಗಟ್ಟಲೆ ಓದಿದರು. ಒಂದು ಕಾಪಿ ಕಂಪ್ಯೂಟರಿನಲ್ಲಿ, ಇನ್ನೊಂದು ಕಪಾಟಿನ ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಮಾತ್ರ ಮನೆಯಿಂದ ದೂರ, ಬೇರೆಯವರ ಕೈಯಲ್ಲಿ ಇರಬೇಕು ಎಂದು ತೀರ್ಮಾನವಾಯಿತು.

ಬೇರೆಯವರು ಅಂದರೆ ಯಾರು? ಹೆಂಡತಿ ತೆರೆಸಾ ನರ್ಸ್ ಆಗಿದ್ದ ಆಸ್ಪತ್ರೆಯಲ್ಲಿ ಜಸೀಲಾ ಎಂಬವರು ರೆಕಾರ್ಡ್ ರೂಮು ನೋಡಿಕೊಳ್ಳುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಫೈಲನ್ನೂ ಕಳೆದವರಲ್ಲ. ಈಗ ನದಿಯಾಚೆ, ಕಡಲ ತೀರದ ಬೆಂಗ್ರೆಯಲ್ಲಿ ಮಗಳು ಸಫಾಳ ಜೊತೆ ಇದ್ದರು.

"ಬೆಂಗ್ರೆಗೆ ಸಮುದ್ರ ನುಗ್ಗಿದರೆ ಎಂತ ಮಾಡ್ತೀರಿ?" ಎಂದು ತೆರೆಸಾ ಕೇಳಿದರು.

"ಅದೇ ದಿನ ನಮ್ಮ ಮನೆಗೂ ಬೆಂಕಿ ಬೀಳಬೇಕಲ್ಲ? ಎರಡೂ ಒಟ್ಟಿಗೆ ಆಗುವುದಿಲ್ಲ."

ಎಡ್ವಿನ್ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬಂದರಿನಿಂದ ಫೆರಿ ಹತ್ತಿ, ಜಸೀಲಾರಿಗೆ ಒಪ್ಪಿಸಿದರು. ಜೊತೆಗೆ ತಾವೇ ಟೈಪು ಮಾಡಿದ ಒಂದು ಫಾರ್ಮ್ ಕೊಟ್ಟರು. ಮೂರು ತಿಂಗಳಿಗೊಮ್ಮೆ ನೂರು ಫೋಟೋ ತೆರೆದು ನೋಡಿ, "ಕಾಪಿ ಸಂಪೂರ್ಣವಾಗಿದೆ" ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು.

ಮೂರು ತಿಂಗಳ ನಂತರ ಫಾರ್ಮ್ ತರಲು ಹೋದಾಗ ಸಹಿಯ ಜಾಗ ಖಾಲಿ ಇತ್ತು.

"ಕಾಪಿ ಸರಿ ಇಲ್ಲ ಸರ್," ಎಂದರು ಜಸೀಲಾ.

ಎಡ್ವಿನ್ ಡಬ್ಬಿಯತ್ತ ಕೈ ಚಾಚಿದರು. "ಫೋಟೋ ತೆರೆಯುವುದಿಲ್ಲವಾ?"

"ಎಲ್ಲ ತೆರೀತದೆ. ನೂರು ಅಲ್ಲ, ನಾನು ನಲವತ್ತೊಂದು ಸಾವಿರವೂ ನೋಡಿದ್ದೇನೆ." ಅವರು ಒಂದು ನೋಟ್‌ಬುಕ್ ಬಿಡಿಸಿದರು. "ನಿಮ್ಮ ಹೆಬ್ಬೆರಳಿನದ್ದು ಇನ್ನೂರ ಹನ್ನೆರಡು ಉಂಟು, ಅದು ಇರಲಿ. ಇಲ್ಲಿ ನೋಡಿ, ದಪ್ಪ ಕನ್ನಡಕದ ಒಬ್ಬರು. ಪ್ರತಿ ಕ್ರಿಸ್ಮಸ್‌ಗೂ ನಿಮ್ಮ ಬಲಬದಿಯಲ್ಲಿ ನಿಂತಿದ್ದಾರೆ. 2011ರವರೆಗೆ ಇದ್ದಾರೆ. ಆಮೇಲೆ ಹದಿಮೂರು ಕ್ರಿಸ್ಮಸ್‌ನಲ್ಲಿ ಅವರಿಲ್ಲ. ಕಾಪಿ ಮಾಡುವಾಗ ಬಿಟ್ಟು ಹೋಗಿದೆ."

"ಬಿಟ್ಟು ಹೋದದ್ದಲ್ಲ. ಅವನು ನನ್ನ ಅಣ್ಣ, ಲಯನೆಲ್."

"ತೀರಿಕೊಂಡರಾ?"

"ಇಲ್ಲ. ನಮ್ಮ ಊರಲ್ಲೇ, ಕೊಡಿಯಾಲ್‌ಬೈಲಿನಲ್ಲಿದ್ದಾನೆ."

"ಇದ್ದಾರಾದರೆ ಫೋಟೋದಲ್ಲಿ ಯಾಕಿಲ್ಲ?"

"ಸಣ್ಣದೊಂದು ಜಗಳ," ಎಂದಷ್ಟೇ ಹೇಳಿದರು ಎಡ್ವಿನ್. ಇಡೀ ಕಥೆ ಹೇಳುವಂಥದ್ದಾಗಿರಲಿಲ್ಲ. 2012ರಲ್ಲಿ ತಾಯಿ ತೀರಿಕೊಂಡಾಗ, ಸಮಾಧಿಯ ಕಲ್ಲಿಗೆಂದು ಎಡ್ವಿನ್ ಯಾರನ್ನೂ ಕೇಳದೆ ಒಂದು ಫೋಟೋ ಕೊಟ್ಟಿದ್ದರು. ಅದರಲ್ಲಿ ತಾಯಿ ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದರು. ಲಯನೆಲ್ ಅದನ್ನು ಕಂಡು, "ಸತ್ತ ಮೇಲೂ ಅಮ್ಮನನ್ನು ನಗೆಪಾಟಲು ಮಾಡಿದೆ" ಎಂದು ಹೇಳಿ ಹೊರಟವರು ಮತ್ತೆ ತಮ್ಮನ ಮನೆಗೆ ಬರಲಿಲ್ಲ.

"ಅದು ನಿಮ್ಮ ಮನೆಯ ವಿಷಯ ಸರ್. ಸಂಪೂರ್ಣ ಅಂತ ಬರೆದಲ್ಲಿ ನಾನು ಸಹಿ ಹಾಕುವುದಿಲ್ಲ," ಎಂದರು ಜಸೀಲಾ.

ಸಹಿಯಿಲ್ಲದ ಫಾರ್ಮ್ ಎಡ್ವಿನ್ನರನ್ನು ಒಂದು ವಾರ ಕಾಡಿತು. ಊಟ ರುಚಿಸಲಿಲ್ಲ. ಬೇರೆ ಯಾರಿಂದಲಾದರೂ ಸಹಿ ಹಾಕಿಸಿದರೆ ಹೇಗೆ ಎಂದು ಕೇಳಿದಾಗ ತೆರೆಸಾ ಮೀನಿನ ಸಾರಿನಿಂದ ತಲೆ ಎತ್ತದೆ, "ನೀವು ಕುವೈತಿನಲ್ಲಿ ಹಾಗೆ ಮಾಡ್ತಿದ್ದಿರಾ?" ಎಂದರು.

ಶನಿವಾರ ಬೆಳಿಗ್ಗೆ ಎಡ್ವಿನ್ ಕ್ಯಾಮೆರಾ ಹಿಡಿದು ಅಣ್ಣನ ಫ್ಲ್ಯಾಟಿನ ಗಂಟೆ ಒತ್ತಿದರು. ಬಾಗಿಲು ತೆರೆದ ಲಯನೆಲ್ ತಮ್ಮನನ್ನೂ ಕ್ಯಾಮೆರಾವನ್ನೂ ನೋಡಿದರು.

"ಎಂತ?"

"ನಿನ್ನ ಫೋಟೋ ಬೇಕು. ಬ್ಯಾಕಪ್ ಅಪೂರ್ಣವಾಗಿದೆ."

ಲಯನೆಲ್ ಕಾಲೇಜಿನಲ್ಲಿ ಲೆಕ್ಕ ಕಲಿಸಿದವರು. ನಿಂತಲ್ಲೇ ಇಡೀ ಸಂಗತಿ ಕೇಳಿಸಿಕೊಂಡು, "ಒಂದು ಫೋಟೋ ಸಾಲದು. ಹದಿಮೂರು ಬೇಕಾಗ್ತದೆ," ಎಂದರು. "ಲಿಲ್ಲೀ, ನನ್ನ ಅಂಗಿಗಳನ್ನೆಲ್ಲ ತೆಗಿ!"

ಅವರ ಹೆಂಡತಿ ಲಿಲ್ಲಿ ಹದಿಮೂರು ಅಂಗಿಗಳನ್ನು ಸೋಫಾದ ಮೇಲೆ ಸಾಲಾಗಿ ಹರಡಿದರು. 2012ರದ್ದು ನೀಲಿ ಪಟ್ಟೆಯದ್ದು, ಗುಂಡಿ ಹಾಕಲು ಆಗಲಿಲ್ಲ. ಉಸಿರು ಬಿಗಿಹಿಡಿದು ನಿಂತರು. 2014ರಲ್ಲಿ ಮೀಸೆ ಇತ್ತೆಂದು ಲಿಲ್ಲಿ ನೆನಪಿಸಿದ್ದರಿಂದ ಕಾಡಿಗೆಯಲ್ಲಿ ಮೀಸೆ ಬರೆಯಬೇಕಾಯಿತು. 2016ರಲ್ಲಿ ತೂಕ ಹೆಚ್ಚಿತ್ತು, ಅಂಗಿಯೊಳಗೆ ತಲೆದಿಂಬು ಸೇರಿತು. ಪ್ರತಿ ಸಲವೂ ಎಡ್ವಿನ್ "ನಗು" ಎನ್ನುತ್ತಿದ್ದರು. ಲಯನೆಲ್ ಆ ವರ್ಷ ತಾವು ಎಷ್ಟು ಸಂತೋಷವಾಗಿದ್ದರೋ ಲೆಕ್ಕ ಹಾಕಿ ಅಷ್ಟೇ ನಗುತ್ತಿದ್ದರು.

2018ಕ್ಕೆ ಬಂದಾಗ ಅವರು ಅಂಗಿ ಹಾಕಿಕೊಳ್ಳದೆ ಮಂಚದ ಮೇಲೆ ಮಲಗಿದರು. ಲಿಲ್ಲಿ ಬಿಳಿ ಹೊದಿಕೆಯನ್ನು ಎದೆಯ ತನಕ ಎಳೆದರು.

"ಇದೆಂತ?" ಎಂದು ಎಡ್ವಿನ್ ಕೇಳಿದರು.

"ಆ ಕ್ರಿಸ್ಮಸ್‌ಗೆ ನಾನು ಆಸ್ಪತ್ರೆಯಲ್ಲಿದ್ದೆ. ಹೃದಯದ ಆಪರೇಷನ್."

"ನನಗೆ ಯಾರೂ ಹೇಳಲಿಲ್ಲ."

"ನೀನು ಕೇಳಲಿಲ್ಲ. ತೆಗಿ, ಚಳಿ ಆಗ್ತದೆ."

ಹೊದಿಕೆಯ ಅಂಚಿನಿಂದ ಮೇಲಕ್ಕೆ, ಕುತ್ತಿಗೆಯ ಕೆಳಗೆ, ಹೊಲಿಗೆಯ ಗುರುತು ಕಾಣುತ್ತಿತ್ತು. ಸಾವಿರಾರು ಬೆಸುಗೆಗಳನ್ನು ನೋಡಿದ್ದ ಎಡ್ವಿನ್ ಆ ಒಂದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕ್ಯಾಮೆರಾ ಒತ್ತಿದರು.

ಉಳಿದ ಆರು ವರ್ಷಗಳು ಬೇಗ ಮುಗಿದವು. ಮಧ್ಯಾಹ್ನ ಊಟಕ್ಕೆ ಕೂತಾಗ ಸಮಾಧಿಯ ಫೋಟೋದ ವಿಷಯ ಇಬ್ಬರೂ ಎತ್ತಲಿಲ್ಲ. ಲಿಲ್ಲಿ ಮೀಸೆಯ ಉಳಿದ ಕಾಡಿಗೆ ಒರೆಸಿಕೊಳ್ಳಲು ಹೇಳಿದರೂ ಲಯನೆಲ್ ಕೇಳಲಿಲ್ಲ. ಸರಿಯಾಗಿ ಒರೆಸದ ಅರ್ಧ ಮೀಸೆಯಲ್ಲೇ ಅವರು ಸೋಮವಾರ ತಮ್ಮನ ಜೊತೆ ಬೆಂಗ್ರೆಗೆ ಹೊರಟರು. ತಮ್ಮ ಗೈರುಹಾಜರಿಯನ್ನು ಕಂಡುಹಿಡಿದ ಹೆಂಗಸನ್ನು ನೋಡಬೇಕಿತ್ತಂತೆ.

ಜಸೀಲಾ ಕನ್ನಡಕ ಏರಿಸಿ ಹದಿಮೂರು ಫೋಟೋಗಳನ್ನೂ ಒಂದೊಂದಾಗಿ ನೋಡಿದರು. ಎದುರು ಕೂತ ಲಯನೆಲ್ಲರನ್ನು ನೋಡಿದರು. ಮತ್ತೆ ಫೋಟೋ ನೋಡಿದರು.

"ಇವು ಎಲ್ಲ ಒಂದೇ ದಿನದ್ದು. ಹಿಂದೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೇ ತಿಂಗಳು ಉಂಟು."

ಅಣ್ಣತಮ್ಮ ಇಬ್ಬರೂ ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳಂತೆ ನೆಲ ನೋಡಿದರು.

"ಇದೊಂದರಲ್ಲಿ ತೆಗೆದವರ ಕೈ ಅಲುಗಿದೆ," ಎಂದು ಜಸೀಲಾ 2018ರದ್ದನ್ನು ತೋರಿಸಿದರು. "ಮುಖವೇ ಕಾಣುವುದಿಲ್ಲ. ಪುನಃ ತೆಗೆಯಬೇಕು."

"ಅದು ಹಾಗೇ ಇರಲಿ," ಎಂದರು ಎಡ್ವಿನ್.

ಜಸೀಲಾ ಪೆನ್ನಿನ ಮುಚ್ಚಳ ತೆಗೆದರು. "ಸಂಪೂರ್ಣವಾಗಿದೆ" ಎಂಬುದನ್ನು ಹೊಡೆದುಹಾಕಿ, ಮೇಲೆ "ತಡವಾಗಿ ಸೇರಿದೆ" ಎಂದು ಬರೆದು ಸಹಿ ಹಾಕಿದರು. ಎಡ್ವಿನ್ ಅದನ್ನು ಎರಡು ಸಲ ಓದಿ, ಮಡಚದೆ ಫೈಲಿಗೆ ಸೇರಿಸಿದರು.

ಚಹಾ ಕುಡಿಯುವಾಗ ಜಸೀಲಾ ಲಯನೆಲ್ಲರನ್ನು ಕೇಳಿದರು: "ಈ ಹದಿಮೂರು ವರ್ಷ ನೀವು ತೆಗೆದ ಫೋಟೋಗಳು ಉಂಟಲ್ಲ, ಅವು ಎಲ್ಲಿವೆ?"

"ಫೋನಿನಲ್ಲಿ."

"ಮತ್ತೆ?"

"ಮತ್ತೆಂತ? ಫೋನಿನಲ್ಲೇ."

ಜಸೀಲಾ ಲೋಟ ಕೆಳಗಿಟ್ಟರು. ಎಡ್ವಿನ್ ಎದ್ದು ನಿಂತರು.

ಫೆರಿ ಹತ್ತುವ ಮೊದಲೇ ಅವರು ಅಣ್ಣನ ಫೋನನ್ನು ಕಿತ್ತುಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು. "ನನಗೊಂದು ಕಾಲ್ ಬರುವುದುಂಟು ಮಾರಾಯ," ಎಂದು ಲಯನೆಲ್ ಗೊಣಗುತ್ತಲೇ ಇದ್ದರು. ಬಂದರು ಮುಟ್ಟುವ ತನಕ ಎಡ್ವಿನ್ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ.