ಬರಿಗೈಯ ಆರು ವಾರ

ಅಮಾತೆಪ್ಪ ಮಾಸ್ತರು ನಡೆದು ಬಂದರೆ ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ಕೆಳಗಿರುತ್ತದೆ. ಹುಟ್ಟಿನಿಂದ ಬಂದ ಊನವಲ್ಲ ಇದು. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತ ಇಪ್ಪತ್ತೆರಡು ವರ್ಷ ಹೆಗಲಿಗೆ ತೂಗಿಸಿಕೊಂಡ ಖಾಕಿ ಚೀಲದ ಪ್ರಸಾದ. ಅದರೊಳಗೆ ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗ್ರಾನೈಟಿನ ಚೂರು, ಗುಳೇದಗುಡ್ಡದ ಮಗ್ಗದ ಮನೆಯೊಂದರಲ್ಲಿ ಬೇಡಿ ತಂದ ಖಣದ ತುಂಡು, ರಾಮಥಾಳದ ಹೊಲದಿಂದ ಬಂದ ಹನಿ ನೀರಾವರಿ ಪೈಪಿನ ಗೇಣುದ್ದದ ತುಣುಕು, ಸೀಸೆಗಳಲ್ಲಿ ಎರೆಯ ಕಪ್ಪು ಮಣ್ಣು, ಮಸಾರಿಯ ಕೆಂಪು ಮಣ್ಣು. ಇವಿಲ್ಲದೆ ಅವರು ತರಗತಿಯ ಹೊಸ್ತಿಲು ದಾಟಿದವರೇ ಅಲ್ಲ. ಪಾಠದ ನಡುವೆ ತಟ್ಟನೆ ನಿಂತು, ಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದನ್ನು ಮುಂದಿನ ಬೆಂಚಿಗೆ ಒಪ್ಪಿಸಿ, "ಮುಟ್ಟಿ ನೋಡ್ರಪಾ, ಮುಟ್ಟಿ ನೋಡ್ರಿ" ಎನ್ನುವುದು ಅವರಿಗೆ ಉಸಿರಾಟದಷ್ಟೇ ಸಹಜ.

ಇಳಕಲ್ಲಿನಲ್ಲಿ ಬಾಡಿಗೆಯ ಒಂಟಿ ಕೋಣೆ. ಮದುವೆಯ ಮಾತು ಯಾವಾಗಲೋ ಎದ್ದು ಯಾವಾಗಲೋ ತಣ್ಣಗಾಯಿತು. ಕಿಟಕಿಯ ಕಟ್ಟೆಯ ಮೇಲೆ ಈಗ ಸಾಲಾಗಿ ಕಲ್ಲುಗಳಿವೆ. ಬೆಳಿಗ್ಗೆ ಹುನಗುಂದದ ಬಸ್ಸಿನಲ್ಲಿ ಚೀಲವನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಳ್ಳುವ ಈ ಪುಣ್ಯಾತ್ಮನನ್ನು ಕಂಡಕ್ಟರ್ ಯುನೂಸ ಸುಮ್ಮನೆ ಬಿಡುವನೇ? "ಮಾಸ್ತರ, ಇದಕ್ಕೊಂದು ಅರ್ಧಾ ಟಿಕೀಟರ ತಗೀರಿ!" ಮಾಸ್ತರು ನಗುತ್ತಾರೆ. ಮಕ್ಕಳನ್ನು ಬಿಟ್ಟರೆ ಇಡೀ ದಿನದಲ್ಲಿ ಅವರನ್ನು ತಾನಾಗಿ ಮಾತಾಡಿಸುವವನು ಅವನೊಬ್ಬನೇ.

ಶಿಕ್ಷಕರ ಕೋಣೆಯಲ್ಲಂತೂ ಆ ಚೀಲ ನಗೆಪಾಟಲಿನ ವಸ್ತು. ಶಾಲೆಯ ನಕಾಶೆಗಳೂ ಗ್ಲೋಬೂ ಪ್ಲಾಸ್ಟಿಕ್ ಹೊದಿಕೆ ಸಹ ಬಿಚ್ಚದೆ ಬೀರುವಿನಲ್ಲಿ ಭದ್ರವಾಗಿವೆ. ಹರಿದರೆ, ಒಡೆದರೆ ಜವಾಬು ಕೊಡುವವರು ಯಾರು? ಹೀಗಿರುವಾಗ ಈ ಮನುಷ್ಯ ಊರೂರು ಅಲೆದು ಕಲ್ಲು ಮಣ್ಣು ಹೊತ್ತು ತರುವುದು ಯಾವ ಸೌಭಾಗ್ಯಕ್ಕೆ? "ಪರೀಕ್ಷಾದಾಗ ಪುಸ್ತಕದ್ದ ಕೇಳ್ತಾರ್ರಿ ಮಾಸ್ತರ, ನಿಮ್ಮ ಚೀಲದ್ದ ಕೇಳಂಗಿಲ್ಲ" ಎಂದು ಮುಖ್ಯೋಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅದಕ್ಕೆ ಮಾಸ್ತರರ ಬಳಿ ಉತ್ತರವಿರಲಿಲ್ಲ. ನಂಬಿಕೆ ಮಾತ್ರ ಇತ್ತು.

ಉತ್ತರವನ್ನು ಹೊತ್ತು ತಂದವಳು ಅವರದೇ ಹಳೆಯ ವಿದ್ಯಾರ್ಥಿನಿ ಭಾಗ್ಯಜ್ಯೋತಿ. ಬೋಧನೋಪಕರಣಗಳಿಂದ ಪ್ರೌಢಶಾಲೆಯ ಮಕ್ಕಳ ಅಂಕ ಏರುತ್ತದೆಯೋ ಇಲ್ಲವೋ ಎಂಬುದೇ ಅವಳ ಸಂಶೋಧನೆಯ ವಿಷಯ. ಒಂಬತ್ತನೆಯ ತರಗತಿಯ ಎರಡು ವಿಭಾಗ, ಒಂದೇ ಪಾಠ, ಒಬ್ಬರೇ ಮಾಸ್ತರು, ಆರು ವಾರ. ಮೊದಲೊಂದು ಪರೀಕ್ಷೆ, ಕೊನೆಗೊಂದು ಪರೀಕ್ಷೆ. "ಎ ವಿಭಾಗಕ್ಕ ನಿಮ್ಮ ಚೀಲಾ ಒಯ್ರಿ ಸರ. ಬಿ ವಿಭಾಗಕ್ಕ ಬರೇ ಪುಸ್ತಕ, ಚಾಕಪೀಸ್. ಒಂದ ಕಲ್ಲ ಸುದ್ದಾ ತೋರಸಬ್ಯಾಡ್ರಿ, ಇಲ್ಲಾಂದ್ರ ನನ್ನ ಕೆಲಸ ಪೂರಾ ಹಾಳಾಗತೈತಿ." ಮಾಸ್ತರು ಹಿರಿಹಿರಿ ಹಿಗ್ಗಿ ಮಾತು ಕೊಟ್ಟರು. ಅಂದೇ ಸಂಜೆ ಅಮೀನಗಡಕ್ಕೆ ಹೋಗಿ, ಕರದಂಟು ಕೊಂಡು, ಮರುದಿನ ತಮ್ಮನ್ನು ನೋಡಿ ನಕ್ಕವರಿಗೆಲ್ಲ ಹಂಚಿದರು.

ಬಿ ವಿಭಾಗಕ್ಕೆ ಮೊದಲ ಸಲ ಬರಿಗೈಯಲ್ಲಿ ಹೋಗಿ ನಿಂತಾಗ ತಾವು ಒಪ್ಪಿಕೊಂಡದ್ದು ಏನೆಂದು ಅವರಿಗೆ ಹೊಳೆಯಿತು. ಎದುರಿಗೆ ಮೂವತ್ತೊಂದು ಮಕ್ಕಳು. ಇವರು ಹಿಂದೆ ಬಿದ್ದರೆ ಮಾತ್ರ ತಮ್ಮ ಮಾತು ನಿಜವಾಗುವುದು! ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಬೆನ್ನ ಹಿಂದೆ ಕಟ್ಟಿದರು, ಒಮ್ಮೆ ಜೇಬಿಗಿಳಿಸಿದರು. ನಾಲಿಗೆಯ ತುದಿಗೆ ಬಂದ 'ಮುಟ್ಟಿ ನೋಡ್ರಿ' ಎಂಬ ಎರಡು ಮಾತನ್ನು ದಿನವೂ ನುಂಗಿದರು. ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಅವರದಲ್ಲ, ಅದೇ ಬಂತು ನೋಡಿ ಕುತ್ತಿಗೆಗೆ.

ಮೂರನೆಯ ವಾರ ಮಣ್ಣಿನ ಪಾಠ. ಎ ವಿಭಾಗದ ಮಕ್ಕಳು ಬೆರಳಿಗೆಲ್ಲ ಮಣ್ಣು ಮೆತ್ತಿಕೊಂಡು ಗುಲ್ಲೆಬ್ಬಿಸುತ್ತ ಹೊರಬಂದದ್ದನ್ನು ಬಿ ವಿಭಾಗ ಕಿಟಕಿಯಿಂದ ನೋಡಿತು. ಮರುದಿನ ಮುಂದಿನ ಬೆಂಚಿನ ಹನಮವ್ವ, ಹತ್ತಿ ಬಿಡಿಸಲು ರಜೆ ಹಾಕುತ್ತಿದ್ದ ಹುಡುಗಿ, ನೋಟುಬುಕ್ಕಿನ ಹಾಳೆಯಲ್ಲಿ ಸುತ್ತಿದ ಒಂದು ಹೆಂಟೆಯನ್ನು ಮೇಜಿನ ಮೇಲಿಟ್ಟಳು.

"ಸರ, ನಮ್ಮ ಹೊಲದ ಎರಿ ಮಣ್ಣರಿ. ಎಲ್ಲಾರಿಗೂ ತೋರಸ್ರಿ."

ಅವಳ ಕಣ್ಣುಗಳು ಮಿನುಗುತ್ತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಮಗುವೊಂದು ತಾನಾಗಿ ತಂದ ಮೊದಲ ಬೋಧನೋಪಕರಣ ಅದು. ಮಾಸ್ತರು ಅದನ್ನೇ ನೋಡುತ್ತ ನಿಂತರು. ಹಿಂದಿನ ಬೆಂಚಿನಲ್ಲಿ ಭಾಗ್ಯಜ್ಯೋತಿ ಪೆನ್ನು ಹಿಡಿದು ಕೂತಿದ್ದಳು.

"ಹೊರಗ ಹಾಕಿ ಬಾರವ್ವಾ," ಎಂದರು. "ಪುಸ್ತಕಾ ತಗೀರಿ."

ಹನಮವ್ವ ಹೆಂಟೆಯನ್ನು ಹೊರಗೆ ಹಾಕಿ ಬಂದು, ಕೈಯನ್ನು ಲಂಗಕ್ಕೆ ಒರಸಿಕೊಂಡು, ಪುಸ್ತಕ ತೆಗೆದಳು. 'ಕಪ್ಪು ಮಣ್ಣು ತೇವವನ್ನು ಹಿಡಿದಿಡುತ್ತದೆ' ಎಂದು ಬರೆದುಕೊಂಡಳು. ಅವಳ ಹಿಮ್ಮಡಿಯ ಬಿರುಕುಗಳಲ್ಲಿ ಅದೇ ಮಣ್ಣು ಇತ್ತು. ಆ ದಿನ ಮಾಸ್ತರು ಬಸ್ಸಿನಲ್ಲಿ ಯುನೂಸನ ಚೇಷ್ಟೆಗೂ ನಗಲಿಲ್ಲ.

ಆರು ವಾರ ಮುಗಿಯಿತು. ಮೂವತ್ತು ಅಂಕಗಳಲ್ಲಿ ಎ ವಿಭಾಗದ ಸರಾಸರಿ ಹನ್ನೆರಡರಿಂದ ಇಪ್ಪತ್ತೊಂದಕ್ಕೆ ಜಿಗಿದಿತ್ತು. ಬಿ ವಿಭಾಗದ್ದು ಹನ್ನೆರಡರಿಂದ ಹದಿನಾಲ್ಕಕ್ಕೆ ತೆವಳಿತ್ತು. "ನೀವಂದಿದ್ದ ಖರೆ ಆತ್ರಿ ಸರ!" ಎಂದು ಭಾಗ್ಯಜ್ಯೋತಿ ಕಾಲಿಗೆ ಬಿದ್ದಳು. ಮುಖ್ಯೋಪಾಧ್ಯಾಯರು ಕೈ ಕುಲುಕಿ, ಬೀರುವಿನ ಕೀಲಿ ತಾವೇ ತಂದುಕೊಟ್ಟರು. ಜೀವಮಾನವೆಲ್ಲ ಕಾದ ಗಳಿಗೆ. ಮಾಸ್ತರರಿಗೆ ಮಾತ್ರ ಆ ಹದಿನಾಲ್ಕು ಎಂಬ ಸಂಖ್ಯೆ ಸಂಖ್ಯೆಯಾಗಿ ಕಾಣಲೇ ಇಲ್ಲ. ಅದರೊಳಗೆ ಒಂದೊಂದೇ ಮುಖ ಕಂಡು ಸಂಕಟವಾಯಿತು.

ಮರುದಿನ ಮೊದಲ ಗಂಟೆಗೇ ಬಿ ವಿಭಾಗಕ್ಕೆ ಹೋಗಿ ಚೀಲವನ್ನು ಮೇಜಿನ ಮೇಲೆ ಸುರಿದರು. ಹುಡುಗರು ಮುಗಿಬಿದ್ದರು. ಹನಮವ್ವ ಕೂತಲ್ಲೇ ಕೂತಿದ್ದಳು. ಮಾಸ್ತರು ಬಾದಾಮಿಯ ಕಲ್ಲನ್ನು ತಾವೇ ಅವಳ ಬಳಿ ಒಯ್ದು ಮುಂದೆ ಹಿಡಿದರು. ಅವಳಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಎಷ್ಟೋ ಚಲೋ ಇತ್ತು. ಒಳ್ಳೆಯ ವಿದ್ಯಾರ್ಥಿನಿಯ ವಿನಯವಷ್ಟೇ ಇತ್ತು.

"ಬ್ಯಾಡ್ರಿ ಸರ. ಪುಸ್ತಕದಾಗ ಓದೇನ್ರಿ."

ಹೀಗೆ ಒಂದೇ ನಂಬಿಕೆಗೆ ಬದುಕು ಸವೆಸುವವರು ಎಲ್ಲ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಲೋಕ ನಗುವಷ್ಟು ದಿನ ಅವರು ಒಂಟಿಯಾಗಿದ್ದರೂ ಸುಖಿಗಳು. ಆ ಒಂಟಿತನಕ್ಕೆ ಹಠದ ಆಸರೆಯಾದರೂ ಇರುತ್ತದೆ. ಲೋಕ ಒಪ್ಪಿ ಕೈ ಕುಲುಕಿದ ದಿನ ಶುರುವಾಗುವ ಒಂಟಿತನಕ್ಕೆ ಯಾವ ಆಸರೆಯೂ ಇಲ್ಲ, ಏಕೆಂದರೆ ತಮ್ಮ ಮಾತನ್ನು ಗೆಲ್ಲಿಸಲು ಸೋತು ಕೊಟ್ಟವರು ಯಾರೆಂಬುದು ಅವರಿಗೆ ಹೆಸರು ಹೆಸರಾಗಿ ಗೊತ್ತಿರುತ್ತದೆ.